ಮುಚ್ಚಳದ ಒಳಗಿನ ಚುಕ್ಕೆ

ಕಪಿಲಾ ನದಿ ಬಾಗಿ ಹರಿಯುವ ಒಂದು ಕಡೆ ಚಿಕ್ಕದೊಂದು ಮಠ. ಅಲ್ಲಿನ ಗುರುವಿಗೆ ದಿನಕ್ಕೆ ಎರಡೇ ಕೆಲಸ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ವಾಚು ರಿಪೇರಿ.

ಕಾವಿ ಉಡುವ ಮೊದಲು ಅವರು ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಮೂವತ್ತು ವರ್ಷ ಕೂತು ವಾಚು ರಿಪೇರಿ ಮಾಡಿದವರು. ಮಠಕ್ಕೆ ಬರುವಾಗ ಅಂಗಡಿ ಬಿಟ್ಟರು, ಮೇಜು ಬಿಡಲಿಲ್ಲ. ಅದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದು ನದಿ ಕಾಣುವ ಜಗುಲಿಯ ಮೇಲೆ ಇಡಿಸಿದರು.

"ಸನ್ಯಾಸಿಗಳಿಗೆ ಇದೆಲ್ಲ ಯಾಕೆ, ಬುದ್ಧಿ?" ಎಂದು, ಎಲ್ಲರಂತೆ ಗುರುವನ್ನು ಬುದ್ಧಿ ಎಂದೇ ಕರೆಯುತ್ತಿದ್ದ ಭಕ್ತರೊಬ್ಬರು ಕೇಳಿದರಂತೆ.

"ಸನ್ಯಾಸ ತಗೊಂಡಿದ್ದು ನಾನು. ಕೈಯನ್ನು ಕೇಳಿರಲಿಲ್ಲ" ಎಂದರಂತೆ ಗುರು.

ಆ ಮೇಜಿಗೆ ಒಂದು ನಿಯಮವಿತ್ತು. ವಾಚು ಬಿಚ್ಚಿ, ತೊಳೆದು, ಎಣ್ಣೆ ಹಾಕಿದ ಮೇಲೆ, ಹಿಂಬದಿಯ ಮುಚ್ಚಳ ಮುಚ್ಚುವ ಮೊದಲು ಅದರ ಒಳಮೈಯಲ್ಲಿ ಸೂಜಿಯಿಂದ ಗುರುತು ಗೀರಬೇಕು. ಗುರುವಿನ ಗುರುತು ವಿಭೂತಿಯ ಹಾಗೆ ಮೂರು ಅಡ್ಡಗೆರೆ. ಪಕ್ಕದಲ್ಲಿ ತಿಂಗಳು, ವರ್ಷ.

ವಾಚು ಕಟ್ಟಿಕೊಳ್ಳುವವರಿಗೆ ಅದು ಎಂದೂ ಕಾಣುವುದಿಲ್ಲ. ಮುಂದೆ ಯಾವಾಗಲೋ ಆ ವಾಚನ್ನು ತೆರೆಯುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುತ್ತದೆ.

ಗೆರೆಗಳ ಕೆಳಗೆ ಒಂದು ಚುಕ್ಕೆ. ಅದನ್ನು ಗುರು ಅಂದೇ ಇಡುತ್ತಿರಲಿಲ್ಲ. ಒಂದು ಹಗಲು ಒಂದು ರಾತ್ರಿ ವಾಚನ್ನು ತಮ್ಮ ಕೈಗೇ ಕಟ್ಟಿಕೊಳ್ಳುವರು. ಅದು ಸರಿಯಾಗಿ ಓಡಿದರೆ ಮತ್ತೆ ಮುಚ್ಚಳ ತೆಗೆದು ಚುಕ್ಕೆ ಇಡುವರು.

"ಗೆರೆ ಅಂದರೆ ಕೆಲಸ ಮಾಡಿದ್ದೀನಿ ಅಂತ" ಎನ್ನುತ್ತಿದ್ದರು. "ಚುಕ್ಕೆ ಅಂದರೆ ಈ ಕೆಲಸಕ್ಕೆ ನಾನಿದ್ದೀನಿ ಅಂತ."

ಈ ಮೇಜಿನ ಎದುರು ಆರು ವರ್ಷದಿಂದ ಭಾನುವಾರ ತಪ್ಪದೆ ಬಂದು ಕೂರುತ್ತಿದ್ದವನು ಪ್ರಭುಸ್ವಾಮಿ. ನಲವತ್ತರ ಹತ್ತಿರದ ವಯಸ್ಸು. ಪೇಟೆಯಲ್ಲಿ ಹಲ್ಲಿನ ಸೆಟ್ ಮಾಡುವ ಲ್ಯಾಬ್ ಅವನದು. ಅಚ್ಚು ತೆಗೆಯುವುದು, ಉಜ್ಜುವುದು, ಹೊಳಪು ಕೊಡುವುದು, ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು.

ಅವನಿಗೊಂದು ಹವ್ಯಾಸವಿತ್ತು. ದೊಡ್ಡ ದೊಡ್ಡ ವಿದೇಶಿ ಕಂಪನಿಗಳ ವಾಚುಗಳ ತದ್ರೂಪ ಕಟ್ಟುವುದು. ಕವಚವನ್ನು ಒಂದು ಕಡೆಯಿಂದ ತರಿಸುವನು, ಡಯಲನ್ನು ಇನ್ನೊಂದು ಕಡೆಯಿಂದ, ಮುಳ್ಳುಗಳನ್ನು ಮತ್ತೊಂದು ಕಡೆಯಿಂದ. ಗುಜರಿಗೆ ಬಿದ್ದ ವಾಚಿನ ಮೆಶಿನ್ ತೆಗೆದು, ತೊಳೆದು, ಒಳಗೆ ಕೂರಿಸುವನು. ಹೊಸ ಡಯಲ್ ಹಳತಾಗಿ ಕಾಣಲೆಂದು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸುವನು. ಒಂದೊಂದಕ್ಕೂ ತನ್ನದೊಂದು ಬದಲಾವಣೆ: ಒಂದಕ್ಕೆ ನೀಲಿ ಮುಳ್ಳು, ಇನ್ನೊಂದಕ್ಕೆ ಎಮ್ಮೆ ಚರ್ಮದ ಪಟ್ಟಿ.

ಮಾರುತ್ತಿರಲಿಲ್ಲ. ನೆಂಟರ ಮದುವೆಗೆ ಕಟ್ಟಿಕೊಂಡು ಹೋಗುವುದು, ಯಾರಾದರೂ ಕಣ್ಣರಳಿಸಿದರೆ "ನಾನೇ ಮಾಡಿದ್ದು" ಎಂದು ಹೇಳಿ ಇನ್ನಷ್ಟು ಕಣ್ಣರಳಿಸುವುದು, ಅಷ್ಟೇ ಅವನ ಸುಖ.

ಗುರು ಬೇಡ ಎನ್ನಲಿಲ್ಲ. ಒಮ್ಮೆ ಒಂದನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು:

"ಮೇಲೆ ಬರೆದಿರೋದು ಯಾರ ಹೆಸರು?"

"ಕಂಪನಿಯದು ಬುದ್ಧಿ."

"ಮಾಡಿದ್ದು?"

"ನಾನು."

"ಕಂಪನಿಯವರಿಗೆ ಗೊತ್ತಾ?"

"ಇಲ್ಲ ಬುದ್ಧಿ."

"ಪಾಪ. ಇಷ್ಟು ಚೆನ್ನಾಗಿ ಮಾಡಿದ್ದಾರೆ ಅಂತ ಅವರಿಗೇ ಗೊತ್ತಿಲ್ಲ."

ಪ್ರಭುಸ್ವಾಮಿ ಜೋರಾಗಿ ನಕ್ಕ. ಗುರು ಒಳ್ಳೆಯ ಲಹರಿಯಲ್ಲಿದ್ದಾರೆ ಎನ್ನಿಸಿ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟ.

"ಬುದ್ಧಿ, ನನ್ನ ಕೈಗೆ ಸೂಜಿ ಯಾವಾಗ ಕೊಡ್ತೀರಿ?"

ಆರು ವರ್ಷದಲ್ಲಿ ಅವನು ಆ ಮೇಜಿನ ಮೇಲೆ ನೂರಾರು ವಾಚು ತೊಳೆದಿದ್ದ. ಪ್ರತಿಯೊಂದನ್ನೂ ಗುರು ಕೊನೆಯಲ್ಲಿ ತಾವೇ ನೋಡಿ, ತಾವೇ ಗೀರಿ, ತಾವೇ ಮುಚ್ಚುತ್ತಿದ್ದರು. ಯಾವ ಮುಚ್ಚಳದಲ್ಲೂ ಅವನ ಗುರುತಿರಲಿಲ್ಲ. ಗುರುತು ಹೇಗಿರಬೇಕೆಂದು ಮಾತ್ರ ಅವನು ಒಂದು ಪುಸ್ತಕದ ತುಂಬ ಬರೆದು ಬರೆದು ನೋಡಿದ್ದ.

"ಕೊಡ್ತೀನಿ" ಎಂದರು ಗುರು.

"ಯಾವಾಗ?"

"ನಿನಗೆ ಬೇಡ ಅನ್ನಿಸಿದ ದಿನ."

ನನಗೆ ಬೇಡ ಅನ್ನಿಸುವುದೇ! ಸ್ಕೂಟರಿನಲ್ಲಿ ಮನೆಗೆ ಹೋಗುವಾಗಲೂ ಪ್ರಭುಸ್ವಾಮಿ ಒಬ್ಬನೇ ನಗುತ್ತಿದ್ದ.

ಅವನ ಅಕ್ಕ ದಾಕ್ಷಾಯಿಣಿ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಗಂಡ ಶಾಂತಮಲ್ಲಪ್ಪ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ವರ್ಷದಲ್ಲಿ ಒಂಬತ್ತು ತಿಂಗಳು ಸಮುದ್ರದಲ್ಲಿ, ಮೂರು ತಿಂಗಳು ಮನೆಯಲ್ಲಿ. ಮನೆಗೆಲ್ಲ ಕೈ ಬಿಗಿ ಹಿಡಿದು ಖರ್ಚು ಮಾಡುವ ಮನುಷ್ಯ, ಎಲ್ಲೋ ದೂರದ ಬಂದರಿನಲ್ಲಿ, ಜೀವಮಾನದಲ್ಲಿ ಒಂದೇ ಒಂದು ಸಲ ಆಸೆಪಟ್ಟು ಒಂದು ಒಳ್ಳೆಯ ವಾಚು ಕೊಂಡಿದ್ದರು. ಅದನ್ನು ರಿಪೇರಿಗೆ ಕೊಡುತ್ತಿದ್ದುದು ಮಠದ ಮೇಜಿಗೆ ಮಾತ್ರ.

ಎರಡು ವರ್ಷದ ಹಿಂದೆ ಹಡಗು ಹತ್ತಿದವರು ಕಾಯಿಲೆ ಹೊತ್ತುಕೊಂಡು ಬಂದರು. ಬಂದವರು ನೇರ ಆಸ್ಪತ್ರೆಗೆ. ಅಲ್ಲಿಂದ ಮನೆಗೆ ಬರಲಿಲ್ಲ.

ಆಸ್ಪತ್ರೆಯ ಮಂಚದಿಂದ ಬಿದ್ದು ನಿಂತುಹೋಗಿದ್ದ ವಾಚನ್ನು ದಾಕ್ಷಾಯಿಣಿ ಒಂದು ದಿನ ತಮ್ಮನ ಕೈಗಿಟ್ಟಳು.

"ಓಡೋ ಹಾಗೆ ಮಾಡಿಕೊಡು ಪ್ರಭು. ನಾನೇ ಕಟ್ಟಿಕೊಳ್ತೀನಿ."

"ಗಂಡಸರ ವಾಚು ಅಕ್ಕ. ನಿನ್ನ ಕೈಗೆ ದೊಡ್ಡದಾಗುತ್ತೆ."

"ಆಗಲಿ ಬಿಡು. ಬಳೆ ಇಲ್ಲದ ಕೈ. ಜಾಗ ಬೇಕಾದಷ್ಟಿದೆ."

ಒಂದು ವಾರದ ಕೆಲಸ ಅದು. ಪ್ರಭುಸ್ವಾಮಿ ಎರಡು ತಿಂಗಳು ಇಟ್ಟುಕೊಂಡ.

ಇಷ್ಟು ವರ್ಷ ಅವನು ಚಿತ್ರ ನೋಡಿ ನೋಡಿ ತದ್ರೂಪ ಕಟ್ಟಿದವನು. ಈಗ ಮೊದಲ ಸಲ ಅಸಲಿಯೇ ಅಂಗೈ ಮೇಲಿತ್ತು. ರಿಪೇರಿ ನಾಳೆ ಮಾಡಿದರಾಯಿತು ಎಂದುಕೊಂಡ. ಅಳತೆ ತೆಗೆದ, ತೂಕ ನೋಡಿದ, ಅಚ್ಚು ತೆಗೆದ. ಆ ಕಂಪನಿ ಆ ಕಾಲದಲ್ಲಿ ಒಳಗಿನ ಮೆಶಿನ್ ತಾನೇ ಮಾಡುತ್ತಿರಲಿಲ್ಲ, ಬೇರೆ ಕಾರ್ಖಾನೆಯಿಂದ ಕೊಳ್ಳುತ್ತಿತ್ತು. ಅದೇ ಮೆಶಿನ್ ಒಂದು ಅಗ್ಗದ ಹಳೆಯ ವಾಚಿನಲ್ಲಿ ಅವನಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಅವನ ಕೈಗೆ ಬಿಡುವಿರಲಿಲ್ಲ.

ಹಡಗಿನ ಕಬ್ಬಿಣದ ಏಣಿಗೆ ತಾಗಿ ಕವಚದ ಅಂಚಿನಲ್ಲಿ ಒಂದು ಗಾಯವಾಗಿತ್ತು. ಅದನ್ನೂ ಅರದಿಂದ ಹಾಗೆಯೇ ಮೂಡಿಸಿದ.

ಮುಚ್ಚಳದ ಒಳಗೆ ಗುರುವಿನ ಗುರುತು ಮೂರು ಕಡೆ ಇತ್ತು, ಮೂರು ಸಲದ ರಿಪೇರಿಯದು. ಅವನ್ನೂ ಬಿಡಲಿಲ್ಲ. ಲ್ಯಾಬಿನಲ್ಲಿ ಸೂಜಿಗೇನು ಬರ? ಗೆರೆಯ ಆಳ, ಬಾಗು, ಎಲ್ಲವನ್ನೂ ಭೂತಗನ್ನಡಿಯಲ್ಲಿ ನೋಡಿ ನೋಡಿ ಗೀರಿದ. ಮೂರನೆಯ ಗುರುತಿನ ಕೆಳಗೆ ಮಾತ್ರ ಚುಕ್ಕೆ ಇರಲಿಲ್ಲ.

ಬುದ್ಧಿಯವರಿಗೂ ವಯಸ್ಸಾಯಿತು, ಮರೆತಿದ್ದಾರೆ ಎಂದುಕೊಂಡ. ತನ್ನ ಮುಚ್ಚಳದಲ್ಲಿ ಅಲ್ಲೊಂದು ಚುಕ್ಕೆ ಇಟ್ಟ. ಈಗ ಪೂರ್ತಿಯಾಯಿತು ಎನ್ನಿಸಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಕೆಲಸ ಅವನು ಮಾಡಿರಲಿಲ್ಲ.

ಆಮೇಲೆ ಅಸಲಿಯ ರಿಪೇರಿಗೆ ಕೈ ಹಾಕಿದ. ಡಯಲ್ ಮೇಲೆ ಸಣ್ಣದೊಂದು ಕಲೆ ಇತ್ತು. ಹೋಗಲಿ ಎಂದು ಹಲ್ಲಿನ ಸೆಟ್ ತೊಳೆಯುವ ಯಂತ್ರದಲ್ಲಿ ಅದನ್ನು ಬಿಟ್ಟ, ನೀರನ್ನು ನಡುಗಿಸಿ ಕೊಳೆ ಬಿಡಿಸುವ ಯಂತ್ರ. ಅರ್ಧ ನಿಮಿಷ.

ಹೊರಗೆ ತೆಗೆದಾಗ ಕಲೆ ಹೋಗಿತ್ತು. ಅಕ್ಷರಗಳೂ ಹೋಗಿದ್ದವು. ಅಂಕಿಗಳೂ ಹೋಗಿದ್ದವು. ಡಯಲ್ ಬೋಳಾಗಿತ್ತು.

ಅವನು ಅದನ್ನು ನೋಡುತ್ತಾ ನಿಂತಿರುವಾಗಲೇ ಫೋನ್ ಬಂತು.

"ಆಯ್ತೇನೋ?" ದಾಕ್ಷಾಯಿಣಿ.

ಪ್ರಭುಸ್ವಾಮಿಯ ಕಣ್ಣು ಮೇಜಿನ ಮೇಲೆ ಓಡುತ್ತಿದ್ದ ತದ್ರೂಪದ ಮೇಲೆ ನಿಂತಿತು.

"ಆಯ್ತಕ್ಕ."

"ಸಂಜೆ ತಂದುಬಿಡು."

ತಂದುಕೊಟ್ಟ. ದಾಕ್ಷಾಯಿಣಿ ಅದನ್ನು ಕಿವಿಗೆ ಹಿಡಿದಳು. ಆಮೇಲೆ ಕೆನ್ನೆಗೆ. "ಓಡ್ತಿದೆ" ಎಂದಳು. ಗಂಡ ಹೋದ ಮೇಲೆ ಮೊದಲ ಸಲ ತಮ್ಮನ ಎದುರು ಕೂತು, ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡಳು.

ಅಕ್ಕನಿಗೆ ನಷ್ಟವೇನು ಎಂದುಕೊಂಡ ಪ್ರಭುಸ್ವಾಮಿ. ಇದು ಅದಕ್ಕಿಂತ ಚೆನ್ನಾಗಿ ಓಡುತ್ತದೆ. ನಿಂತುಹೋದದ್ದನ್ನು ಕೊಡುವುದಕ್ಕಿಂತ ಓಡುವುದನ್ನು ಕೊಡುವುದು ಪುಣ್ಯವಲ್ಲವೇ?

ಹಾಗೆಂದುಕೊಂಡು ಎರಡು ತಿಂಗಳು ಕಳೆದ. ಆದರೂ ಒಂದು ಭಾನುವಾರ ಕೇಳದೆ ಇರಲಾಗಲಿಲ್ಲ.

"ಬುದ್ಧಿ, ಅಸಲಿ ಮಾಡುವ ಕೆಲಸವನ್ನೆಲ್ಲ ನಕಲಿಯೂ ಮಾಡಿದರೆ, ನಕಲಿಗೆ ಏನು ಕಡಿಮೆ?"

ಗುರು ಹುರಿಗಡಲೆ ತಿನ್ನುತ್ತಿದ್ದರು. ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದರು.

"ಈ ಹಲ್ಲು ಯಾರದು?"

"ನಾನೇ ಮಾಡಿಕೊಟ್ಟದ್ದು ಬುದ್ಧಿ."

"ಏನು ಕಡಿಮೆ?"

"ಏನೂ ಇಲ್ಲ." ಪ್ರಭುಸ್ವಾಮಿಗೆ ಜೀವ ಬಂದಂತಾಯಿತು. "ಏನೂ ಕಡಿಮೆ ಇಲ್ಲ ಬುದ್ಧಿ!"

"ಹೌದು" ಎಂದರು ಗುರು. "ನೀನು ಇದನ್ನು ಬಾಯಿಗೆ ಹಾಕುವಾಗ ನಾನೂ ಅಲ್ಲೇ ಇದ್ದೆ."

ಪ್ರಭುಸ್ವಾಮಿ ನಗಲು ಹೋದ. ನಗು ಅರ್ಧಕ್ಕೇ ನಿಂತಿತು.

ಮುಂದಿನ ಭಾನುವಾರ ದಾಕ್ಷಾಯಿಣಿಯೇ ಮಠದ ಮೆಟ್ಟಿಲು ಹತ್ತಿ ಬಂದಳು. ಬರುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಸಡಿಲವಾದ ವಾಚನ್ನು ಮೊಣಕೈ ಹತ್ತಿರದವರೆಗೂ ಏರಿಸಿಕೊಂಡಿದ್ದಳು.

"ಅಡ್ಡಬಿದ್ದೆ ಬುದ್ಧಿ."

"ಬಾ ತಾಯಿ. ಏನು ಬಂದೆ?"

"ದೊಡ್ಡ ಪಯಣ ಅಂದರೆ ಅವರು ಇದನ್ನ ನಿಮಗೊಂದು ಸಲ ತೋರಿಸಿಯೇ ಹೋಗ್ತಿದ್ದರು. ನಾನೂ ತೋರಿಸೋಣ ಅಂತ."

"ನೀನೂ ಹಡಗು ಹತ್ತುತ್ತೀಯಾ?"

"ನಾಳೆಯಿಂದ ಅಂಗನವಾಡಿ ಕೆಲಸಕ್ಕೆ ವಾಪಸ್ ಹೋಗ್ತೀನಿ ಬುದ್ಧಿ. ಮೂವತ್ತು ಮಕ್ಕಳು. ಸಮುದ್ರವೇ ವಾಸಿ."

ಗುರು ನಕ್ಕರು. ಪ್ರಭುಸ್ವಾಮಿ ನಗಲಿಲ್ಲ. ಅವನು ವಾಚಿಗೆ ಅಡ್ಡ ಕೈ ಚಾಚಿದ.

"ನಾನೇ ನೋಡಿದ್ದೀನಿ ಬುದ್ಧಿ. ಎಲ್ಲ ಸರಿ ಇದೆ. ತೆರೆಯೋದೇ ಬೇಡ."

"ಸರಿ ಇದ್ದರೆ ತೆರೆದರೂ ಸರಿ ಇರುತ್ತೆ" ಎಂದು ಗುರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡರು.

ಮುಚ್ಚಳ ಬಿಚ್ಚಿಕೊಂಡಿತು. ಮೊದಲು ಮೆಶಿನ್ ನೋಡಿದರು.

"ಎಣ್ಣೆ ಹದವಾಗಿದೆ. ಕೆಲಸ ಅಚ್ಚುಕಟ್ಟಾಗಿದೆ."

ಆಮೇಲೆ ಮುಚ್ಚಳವನ್ನು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು. ನದಿಯಲ್ಲಿ ಒಂದು ತೆಪ್ಪ ಈ ದಡದಿಂದ ಹೊರಟು ಆ ದಡ ಮುಟ್ಟಿತು.

"ಪ್ರಭು."

"ಬುದ್ಧಿ."

"ಮೂರನೇ ಗುರುತಿನ ಚುಕ್ಕೆ ನೋಡು. ಹೇಗಿದೆ?"

"ನಿಮ್ಮದೇ ಥರ ಇದೆ ಬುದ್ಧಿ."

"ಇಲ್ಲ. ನನ್ನದಕ್ಕಿಂತ ದುಂಡಗಿದೆ." ಗುರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಅದೂ ಅಲ್ಲದೆ, ಅದನ್ನ ನಾನು ಇಟ್ಟೇ ಇಲ್ಲ."

ದಾಕ್ಷಾಯಿಣಿಗೆ ತಿಳಿಯಲಿಲ್ಲ. "ಏನಾಯ್ತು ಬುದ್ಧಿ? ಕೆಟ್ಟಿದೆಯಾ?"

"ಇಲ್ಲ ತಾಯಿ. ಚೆನ್ನಾಗಿ ಓಡ್ತಿದೆ."

ಗುರು ಈಗ ಹೇಳಿಬಿಡುತ್ತಾರೆ ಎಂದು ಪ್ರಭುಸ್ವಾಮಿ ತಲೆ ತಗ್ಗಿಸಿ ಕಾದ. ಅವರೇ ಹೇಳಿಬಿಟ್ಟರೆ ಸುಲಭವಾಗುತ್ತಿತ್ತು. ಅವರು ಹೇಳಲಿಲ್ಲ.

ಮೇಜಿನ ಖಾನೆ ಎಳೆದು ಸೂಜಿ ತೆಗೆದರು. ಎಷ್ಟೋ ವರ್ಷದ ಬೆವರಿಗೆ ಮರದ ಹಿಡಿ ಕಪ್ಪಾಗಿತ್ತು. ಅದನ್ನು ಶಿಷ್ಯನ ಮುಂದೆ ಇಟ್ಟರು.

"ಇದನ್ನ ಕಟ್ಟಿದವನ ಗುರುತು ಇದರಲ್ಲಿಲ್ಲ. ಗೀರು."

ಆರು ವರ್ಷ ಅವನು ಕಾದದ್ದು ಅದಕ್ಕೇ. ಈಗ ತೊಡೆಯ ಮೇಲಿದ್ದ ಕೈ ಮೇಲೇಳಲಿಲ್ಲ.

"ಇವತ್ತು ಬೇಡ ಬುದ್ಧಿ."

"ಹಾಗಾದರೆ ಇವತ್ತೇ."

ಪ್ರಭುಸ್ವಾಮಿ ಸೂಜಿಯನ್ನೇ ನೋಡಿದ. ಏನಾದರೊಂದು ಗುರುತು ಗೀರಿ, ರಿಪೇರಿ ಮಾಡಿದವರು ಹೀಗೆ ಗೀರುವುದು ವಾಡಿಕೆ ಅಕ್ಕ ಎಂದು ಹೇಳಿ ಮುಚ್ಚಿಬಿಡಬಹುದಿತ್ತು. ಅಕ್ಕ ನಂಬುತ್ತಿದ್ದಳು. ಆ ದಾರಿಯನ್ನೂ ಗುರು ತೆರೆದೇ ಇಟ್ಟಿದ್ದರು.

ಸೂಜಿ ತೆಗೆದುಕೊಂಡ. ಪುಸ್ತಕದ ತುಂಬ ಬರೆದು ನೋಡಿದ್ದ ಗುರುತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಿಡಿಬಿಡಿ ಅಕ್ಷರದಲ್ಲಿ ಬರೆದ: ಪ್ರಭುಸ್ವಾಮಿ ಕಟ್ಟಿದ್ದು. ಲೋಹದ ಮೇಲೆ ಸೂಜಿ ಕಿರ್ರೆಂದಿತು.

ದಾಕ್ಷಾಯಿಣಿ ಬಗ್ಗಿ ನೋಡಿದಳು.

"ನಿನ್ನ ಹೆಸರು ಯಾಕೋ ಬರೀತಿದ್ದೀಯ ಅವರ ವಾಚಲ್ಲಿ?"

"ಇದು ಭಾವನ ವಾಚಲ್ಲ ಅಕ್ಕ. ನಾನು ಮಾಡಿದ್ದು."

ಒಂದೊಂದಾಗಿ ಹೇಳಿದ. ಅಳತೆ ತೆಗೆದದ್ದು, ಗಾಯ ಮೂಡಿಸಿದ್ದು, ಚುಕ್ಕೆ ಇಟ್ಟದ್ದು, ಅರ್ಧ ನಿಮಿಷದಲ್ಲಿ ಅಕ್ಷರ ತೊಳೆದುಹೋದದ್ದು, ಫೋನಿನಲ್ಲಿ ಆಯ್ತಕ್ಕ ಎಂದದ್ದು. ಏನನ್ನೂ ಬಿಡಲಿಲ್ಲ.

ದಾಕ್ಷಾಯಿಣಿ ಬರಿಗೈಯನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು.

"ದಿನಾ ಬೆಳಿಗ್ಗೆ ಎದ್ದು ಇದರ ಹತ್ತಿರ ಮಾತಾಡ್ತಿದ್ದೆನಲ್ಲೋ."

"ಅಕ್ಕ..."

"ಸುಮ್ಮನಿರು."

ಅವಳು ಕೈ ಉಜ್ಜುವುದನ್ನು ನಿಲ್ಲಿಸಿ ಕೇಳಿದಳು:

"ಅದು ಎಲ್ಲಿದೆ?"

"ಲ್ಯಾಬಿನಲ್ಲಿ. ಅಕ್ಕ, ಅದರ ಮೇಲೆ ಒಂದಕ್ಷರ ಉಳಿದಿಲ್ಲ. ಓಡೋದೂ ಇಲ್ಲ. ಅಂಥದ್ದನ್ನ ನಿನ್ನ ಕೈಗೆ ಹೇಗೆ ಕೊಡಲಿ ಅಂತ..."

"ಕೊನೇ ತಿಂಗಳು ಅವರ ತಲೆಯಲ್ಲಿ ಒಂದು ಕೂದಲಿರಲಿಲ್ಲ. ಮಾತಿರಲಿಲ್ಲ. ನನ್ನನ್ನ ನೋಡಿದರೂ ಗುರುತು ಹಿಡೀತಿರಲಿಲ್ಲ. 'ನೋಡಮ್ಮ, ಇಲ್ಲಿ ಚೆನ್ನಾಗಿರೋರು ಒಬ್ಬರಿದ್ದಾರೆ, ಇವರನ್ನ ಕರಕೊಂಡು ಹೋಗು' ಅಂತ ಡಾಕ್ಟರು ಅಂದಿದ್ದರೆ, ಕರಕೊಂಡು ಹೋಗ್ತಿದ್ದೆನೇನೋ?"

ಪ್ರಭುಸ್ವಾಮಿ ಕೈಯಲ್ಲಿದ್ದ ಸೂಜಿಯನ್ನು ಮೇಜಿನ ಮೇಲಿಟ್ಟ.

"'ನಾನು ಮಾಡಿದ್ದು ಅಕ್ಕ' ಅಂತ ಹೇಳಿ ಕೊಟ್ಟಿದ್ದರೆ, ಎರಡು ಕೈಗೂ ಒಂದೊಂದು ಕಟ್ಟಿಕೊಂಡು ಊರೆಲ್ಲ ತೋರಿಸಿಕೊಂಡು ಬರ್ತಿದ್ದೆ ಕಣೋ ದಡ್ಡ."

ಅವಳು ಎದ್ದು ನದಿಯ ಮೆಟ್ಟಿಲ ಮೇಲೆ ಹೋಗಿ ಕೂತಳು.

"ಹೋಗಿ ತಾ" ಎಂದರು ಗುರು.

ಅವನು ಹೋಗಿ ಬರಲು ಎರಡು ಗಂಟೆ ಹಿಡಿಯಿತು. ಅಕ್ಕ ಹೊರಟುಹೋಗಿರುತ್ತಾಳೆ ಎಂದೇ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಅವಳು ಅದೇ ಮೆಟ್ಟಿಲ ಮೇಲಿದ್ದಳು. ವಾಚನ್ನು ಅವನ ಕೈಯಿಂದ ತೆಗೆದುಕೊಂಡು ಬೋಳು ಡಯಲನ್ನು ಸೆರಗಿನಿಂದ ಒರೆಸಿದಳು. ಕವಚದ ಅಂಚಿನ ಗಾಯವನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ತಾನೇ ತಂದು ಗುರುವಿನ ಮೇಜಿನ ಮೇಲಿಟ್ಟಳು.

ಗುರು ಮುಚ್ಚಳ ತೆಗೆದು ಅವಳಿಗೆ ತೋರಿಸಿದರು. ಮೂರು ಗುರುತು, ಎರಡೇ ಚುಕ್ಕೆ.

"ಇದು ಯಾಕೆ ಹೀಗೆ ಬುದ್ಧಿ?"

"ಎರಡು ವರ್ಷದ ಹಿಂದೆ, ಒಂದು ಗುರುವಾರ. ಸಂಜೆಗೆ ರೈಲು ಅಂತ ನಿನ್ನ ಗಂಡ ಓಡಿ ಬಂದಿದ್ದ. ಒಂದು ರಾತ್ರಿ ಬಿಟ್ಟು ಹೋಗು, ಚುಕ್ಕೆ ಇಡಬೇಕು ಅಂದೆ. ಹಡಗು ಕಾಯಲ್ಲ ಬುದ್ಧಿ, ಬಂದಮೇಲೆ ಇಡಿ ಅಂದ. ಆಗಲಿ ಅಂದೆ. ಮೆಟ್ಟಿಲು ಇಳಿದವನು ಅಲ್ಲಿಂದಲೇ ತಿರುಗಿ, ಮರೀಬೇಡಿ ಬುದ್ಧಿ ಅಂತ ಕೂಗಿದ."

ದಾಕ್ಷಾಯಿಣಿ ಮೆಟ್ಟಿಲ ಕಡೆ ನೋಡಿದಳು.

ಪ್ರಭುಸ್ವಾಮಿಯೂ ನೋಡಿದ. ತಾನು ಅಷ್ಟು ದುಂಡಗೆ ಇಟ್ಟ ಚುಕ್ಕೆ ನೆನಪಾಗಿ ಅವನ ಕಿವಿ ಬಿಸಿಯಾಯಿತು.

"ಕೂತುಕೋ" ಎಂದರು ಗುರು. "ನೀನೇ ಬಿಚ್ಚು."

ಬಿಚ್ಚಿದ. ಮಂಚದಿಂದ ಬಿದ್ದ ಏಟಿಗೆ ಒಳಗಿನ ಚಕ್ರವೊಂದರ ಅಚ್ಚುಕಡ್ಡಿ ಮುರಿದಿತ್ತು. ಅಂಥ ಚಕ್ರ ಈಗ ಎಲ್ಲೂ ಸಿಗುವುದಿಲ್ಲ. ಸಿಗುವುದಾದರೆ ಒಂದೇ ಕಡೆ, ಮೇಜಿನ ಆ ತುದಿಯಲ್ಲಿ ಟಿಕ್‌ಟಿಕ್ ಎನ್ನುತ್ತಿದ್ದ ತದ್ರೂಪದಲ್ಲಿ.

ಚಿಮುಟ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ನಕಲಿಯಿಂದ ತೆಗೆದು ಅಸಲಿಗೆ ಹಾಕಬಹುದೇ ಬುದ್ಧಿ?"

ಗುರು ಒಂದು ಹುರಿಗಡಲೆ ಬಾಯಿಗೆ ಹಾಕಿಕೊಂಡರು.

"ನನ್ನನ್ನ ಯಾಕೆ ಕೇಳ್ತೀಯ? ಅವಳು ಇಲ್ಲೇ ಇದ್ದಾಳೆ."

ಪ್ರಭುಸ್ವಾಮಿ ಅಕ್ಕನ ಕಡೆ ತಿರುಗಿದ. "ಇದರ ಚಕ್ರ ತೆಗೆದು ಅದಕ್ಕೆ ಹಾಕ್ತೀನಿ ಅಕ್ಕ. ಇದು ನಿಂತುಹೋಗುತ್ತೆ. ಅದು ಓಡುತ್ತೆ. ಹಾಕಲಾ?"

"ಹಾಕು."

ತದ್ರೂಪದ ಟಿಕ್‌ಟಿಕ್ ನಿಂತಿತು. ಅವನು ಕಟ್ಟಿದ್ದರಲ್ಲೆಲ್ಲ ಅದೇ ಒಳ್ಳೆಯದಾಗಿತ್ತು. ಚಕ್ರವನ್ನು ಅಸಲಿಯಲ್ಲಿ ಕೂರಿಸಿ, ತಿರುಪು ಬಿಗಿದು, ಉಸಿರು ಬಿಗಿಹಿಡಿದು ಚಿಮುಟದ ತುದಿಯಿಂದ ಒಂದಿಷ್ಟು ತಾಗಿಸಿದ. ಚಕ್ರ ಒಮ್ಮೆ ತೂಗಿತು. ನಿಂತಿತು. ಮತ್ತೆ ತೂಗಿತು, ಆಮೇಲೆ ನಿಲ್ಲಲಿಲ್ಲ.

ದಾಕ್ಷಾಯಿಣಿ ಅದನ್ನು ಕಿವಿಗೆ ಹಿಡಿಯಲಿಲ್ಲ. ಕಣ್ಣಿಂದಲೇ ನೋಡುತ್ತಿದ್ದಳು.

"ಅಕ್ಷರ ಮತ್ತೆ ಅಚ್ಚು ಹಾಕಬಲ್ಲೆ ಅಕ್ಕ. ಯಾರಿಗೂ ಗೊತ್ತಾಗೋದಿಲ್ಲ."

"ಬೇಡ. ಮುಳ್ಳಿದೆಯಲ್ಲ, ಸಾಕು. ಹನ್ನೆರಡು ಎಲ್ಲಿರುತ್ತೆ ಅಂತ ನನಗೆ ಗೊತ್ತು."

ಗುರು ಅವನ ಕಡೆ ಸೂಜಿ ಸರಿಸಿದರು. ಈ ಸಲ ಅವನು ಅಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ. ಮೂರು ಹಳೆಯ ಗುರುತುಗಳ ಕೆಳಗೆ ತನ್ನ ಹೆಸರಿನ ಮೊದಲಕ್ಷರ, ತಿಂಗಳು, ವರ್ಷ ಗೀರಿ ಮುಚ್ಚಳ ಮುಚ್ಚಿದ. ವಾಚನ್ನು ಗುರುವಿನ ಕಡೆ ಚಾಚಿದ.

"ನನಗಲ್ಲ" ಎಂದರು ಗುರು. "ಗೀರಿದವನು ನೀನು. ಒಂದು ಹಗಲು, ಒಂದು ರಾತ್ರಿ."

ಭಾವನ ವಾಚನ್ನು ಪ್ರಭುಸ್ವಾಮಿ ಮೊದಲ ಸಲ ಕೈಗೆ ಕಟ್ಟಿಕೊಂಡ.

ಮರುದಿನ ಸಂಜೆ ಮೂವರೂ ಮತ್ತೆ ಅದೇ ಮೇಜಿನ ಸುತ್ತ ಸೇರಿದರು. ದಾಕ್ಷಾಯಿಣಿ ಅಂಗನವಾಡಿಯಿಂದ ನೇರ ಬಂದಿದ್ದಳು. ಸೀರೆಯ ಮೇಲೆ ಯಾವುದೋ ಮಗುವಿನ ಪಾಯಸದ ಕೈಗುರುತಿತ್ತು.

"ಹೇಗಿತ್ತು ತಾಯಿ ಸಮುದ್ರ?"

"ನಾಲ್ಕು ಸಲ ಮುಳುಗಿದೆ ಬುದ್ಧಿ."

ಮಠದ ಗೋಡೆ ಗಡಿಯಾರದ ಪಕ್ಕ ಹಿಡಿದು ನೋಡಿದರು. ಒಂದು ಹಗಲು ಒಂದು ರಾತ್ರಿಗೆ ವಾಚು ನಾಲ್ಕು ಸೆಕೆಂಡು ಮುಂದಿತ್ತು.

"ಇಡು" ಎಂದರು ಗುರು.

ಪ್ರಭುಸ್ವಾಮಿ ಮುಚ್ಚಳ ತೆರೆದು ತನ್ನ ಗುರುತಿನ ಕೆಳಗೆ ಚುಕ್ಕೆ ಇಟ್ಟ. ಅವನ ಮೊದಲ ಚುಕ್ಕೆ. ಅದು ಅಷ್ಟೇನೂ ದುಂಡಗೆ ಬರಲಿಲ್ಲ.

ಅದರ ಮೇಲೆಯೇ ಗುರುವಿನ ಮೂರನೆಯ ಗುರುತು ಖಾಲಿ ನಿಂತಿತ್ತು. ಅವನು ಸೂಜಿಯನ್ನು ಎರಡೂ ಕೈಯಲ್ಲಿ ಹಿಡಿದು ಗುರುವಿನ ಮುಂದೆ ಚಾಚಿದ.

"ನಿಮ್ಮದು ಒಂದು ಹಾಗೇ ಉಳಿದಿದೆ ಬುದ್ಧಿ. ವಾಚೂ ಓಡ್ತಿದೆ. ಅಕ್ಕನೂ ಇದ್ದಾಳೆ. ಈಗ ಇಟ್ಟುಬಿಡಿ."

ಗುರು ಸೂಜಿ ತೆಗೆದುಕೊಂಡು ಖಾನೆಯೊಳಗೆ ಇಟ್ಟರು. ಮುಚ್ಚಳ ಮುಚ್ಚಿದರು. ವಾಚನ್ನು ಕಾವಿಯ ಅಂಚಿನಿಂದ ಒರೆಸಿ ದಾಕ್ಷಾಯಿಣಿಯ ಅಂಗೈ ಮೇಲಿಟ್ಟರು.

"ಬಂದಮೇಲೆ ಇಡ್ತೀನಿ ಅಂತ ಅವನಿಗೆ ಹೇಳಿದ್ದೀನಿ."